ಬಾಗಿಲಲ್ಲಿ ಒಂದು ಬನ್ನಿ

"ತಂಬಿ, ನೀವು ಓದಿದ್ದೇ ಎಂಟನೇ ಕ್ಲಾಸಲ್ಲವಾ? ಅದಕ್ಕೆ ತಕ್ಕ ಹಾಗೇ ಮದ್ರಾಸಿಂದ ಹುಡುಕಿ ತಂದಿದ್ದೀರಿ, ಬಿಡಿ. ಅಮ್ಮಣಿಗೆ ಬಾಯಿದೆ. ಪಾಪ, ಮಾತು ಕಲಿಸೋರು ಯಾರೂ ಇರಲಿಲ್ಲ."

ಹೀಗೆ ಅಂದವರು ನನ್ನ ದೊಡ್ಡಪ್ಪ ಅರ್ತನಾರಿ. ಅಂದದ್ದು ನನ್ನ ಮದುವೆಯ ಔತಣದಲ್ಲಿ, ನಮ್ಮ ಮನೆ ಮುಂದಿನ ಚಪ್ಪರದ ಕೆಳಗೆ, ಎಲೆ ಮುಂದೆ ಕೂತಿದ್ದ ನಲವತ್ತು ಜನರ ಎದುರಿಗೆ. ನಗುನಗುತ್ತಾ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅಂದರು. ಕಿರಿಯ ಹುಡುಗನಿಗೆ ತಂಬಿ, ಹೆಣ್ಣುಮಗಳಿಗೆ ಅಮ್ಮಣಿ ಅನ್ನುವ ನಮ್ಮ ಭವಾನಿ ಸೀಮೆಯಲ್ಲಿ ಕರುವಿಗೂ ಬನ್ನಿ ಅನ್ನುತ್ತೇವೆ, ತೊಟ್ಟಿಲ ಮಗುವಿಗೂ ಮಲಗಿ ಅನ್ನುತ್ತೇವೆ. ಕುತ್ತಿಗೆ ಕೊಯ್ಯುವಾಗಲೂ 'ಸ್ವಲ್ಪ ತಲೆ ಎತ್ತುತ್ತೀರಾ' ಅಂತ ಕೇಳಿಯೇ ಕೊಯ್ಯುತ್ತೇವೆ.

ನನ್ನ ಹೆಂಡತಿ ಅಂಜಲೈ ಮಾಡಿದ ತಪ್ಪು ಇಷ್ಟೇ. ಮದುಮಗಳು ಸುಮ್ಮನೆ ಕೂರಬೇಕು ಅಂತ ಎಲ್ಲರೂ ಹೇಳಿದರೂ "ಕುಂತು ಕುಂತು ಕಾಲು ಮರಗಟ್ಟೋಯ್ತು" ಅಂತ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಂತಿದ್ದಳು. ಸಾಲಿನ ತುದಿಯಲ್ಲಿ ದೊಡ್ಡಮ್ಮನ ತಾಯಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಅವರ ಎಲೆಗೆ ಒಬ್ಬಟ್ಟು ಹಾಕುತ್ತಾ ಇವಳು, "ಇನ್ನೊಂದ್ ಹಾಕ್ಕೋ ಆಯಾ, ನಾಚ್ಕೋಬೇಡ. ಇಷ್ಟೇ ತಿಂದ್ರೆ ಗಾಳಿ ಬಂದಾಗ ಹಾರೋಗ್ತೀಯ" ಅಂದಳು. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕರು, ನಿಜ. ಉಳಿದವರ ಕೈ ಮಾತ್ರ ಎಲೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಹಿರಿಯರಿಗೆ 'ನೀನು' ಅಂದಳಲ್ಲ! ಆಗ ದೊಡ್ಡಪ್ಪ ಆ ಮಾತು ಎಸೆದದ್ದು. ಅವರಿಗೆ ಬೇರೆ ಉರಿಯೂ ಇತ್ತು. ತಮ್ಮ ಭಾವಮೈದುನನ ಮಗಳನ್ನು ನನಗೆ ಕಟ್ಟಬೇಕು ಅಂತಿದ್ದರು, ನಾನು ಒಲ್ಲೆ ಅಂದಿದ್ದೆ.

ನನ್ನ ನಾಲಿಗೆ ತುದಿಗೆ ಒಂದಲ್ಲ, ಮೂರು ಉತ್ತರ ಬಂದಿದ್ದವು. ಯಾವುದನ್ನು ಮೊದಲು ಬೀಸಲಿ ಅಂತ ಆರಿಸುತ್ತಿದ್ದೆ. ಅದೇ ಹೊತ್ತಿಗೆ ಚಪ್ಪರದ ಬಾಯಲ್ಲಿ ಅಪ್ಪಾರು ಬಂದು ನಿಂತರು.

ಅಪ್ಪಾರು ಅಂದರೆ ನನ್ನ ಅಪ್ಪನ ಅಪ್ಪ, ನಾಚಿಮುತ್ತು. ಬೆಳಗಿನಿಂದ ಒಲೆ ಹತ್ತಿರ ನಿಂತು ಅಡುಗೆಯವರಿಗೆ ಹೇಳಿ ಕೇಳಿ ಮಾಡಿಸಿ, ಆಮೇಲೆ ನದಿಗೆ ಹೋಗಿ ಮಿಂದು, ಹೊಸ ಬಿಳಿ ಪಂಚೆ ಉಟ್ಟು ಬಂದಿದ್ದರು. ಚಪ್ಪಲಿ ಕಳಚಿ ಅಲ್ಲೇ ನಿಂತರು. ಒಳಗಿನವರು ಬನ್ನಿ ಅನ್ನುವ ತನಕ ನಮ್ಮ ಕಡೆ ಯಾರೂ ಯಾರ ಹೊಸಿಲನ್ನೂ ದಾಟುವುದಿಲ್ಲ. ಹೆತ್ತ ಮಗನ ಮನೆಯಾದರೂ ಅಷ್ಟೇ, ತಾನೇ ಕಟ್ಟಿಸಿದ ಮನೆಯಾದರೂ ಅಷ್ಟೇ.

ನಾನು ಅವರನ್ನು ನೋಡಿದೆ. ನೋಡಿ, ಮತ್ತೆ ದೊಡ್ಡಪ್ಪನ ಕಡೆ ತಿರುಗಿದೆ.

ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದ ಅಂಜಲೈ ಕೂಗಿದಳು: "ಏನ್ ತಾತಾ, ಕಂಬದಂಗೆ ಅಲ್ಲೇ ನಿಂತ್ಕಂಡೆ? ಬಾ, ಬಾ, ಒಳಗ್ ಬಾ! ಕುಂತ್ಕೋ, ಎಲೆ ಹಾಕ್ತೀನಿ."

ಯಾರೋ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಕೇಳಿಸಿತು. ಅಪ್ಪಾರು ಇವಳನ್ನು ನೋಡಿದರು. ನನ್ನನ್ನು ನೋಡಿದರು. ಒಂದಷ್ಟು ಹೊತ್ತು ನಿಂತೇ ಇದ್ದರು. ಆಮೇಲೆ ಕಣ್ಣು ಕೆಳಗೆ ಹಾಕಿ, ಬಿಟ್ಟ ಚಪ್ಪಲಿಯನ್ನೇ ಮೆಟ್ಟಿ, ಬಂದ ದಾರಿಯಲ್ಲೇ ಹೊರಟರು. ಎಣ್ಣೆ ಗಾಣದ ತಿರುವಿನ ತನಕ ಆ ಬಿಳಿ ಪಂಚೆ ಕಾಣುತ್ತಿತ್ತು.

"ನೋಡಿದಿರಾ?" ಅಂದರು ದೊಡ್ಡಪ್ಪ.

ನಾನು ಅವರಿಗೆ ಏನಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏಕವಚನದಲ್ಲಿ ಅಂದೆ ಅನ್ನುವುದನ್ನಂತೂ ಮರೆಯದೆ ಹೇಳುತ್ತಾರೆ.

ಮರುದಿನ ಬೆಳಗ್ಗೆ ಅಪ್ಪಾರು ಮಗ್ಗಕ್ಕೆ ಬರಲಿಲ್ಲ.

ಇದು ಎಂಥ ಮಾತು ಅನ್ನುವುದು ಜಮಖಾನ ನೇಯುವವರಿಗೆ ಗೊತ್ತು. ನಮ್ಮದು ಅಗಲದ ಜಮಖಾನ. ಮದುವೆ ಛತ್ರದಲ್ಲಿ ನೂರು ಜನ ಕೂರುವಂಥದ್ದು. ಅದನ್ನು ಒಬ್ಬ ನೇಯಲಾರ. ಒಂದೇ ಗುಂಡಿಯಲ್ಲಿ ಇಬ್ಬರು ಅಕ್ಕಪಕ್ಕ ಕಾಲು ಇಳಿಬಿಟ್ಟು ಕೂರಬೇಕು. ಬಲಗಡೆಯವರು ಲಾಳಿ ಎಸೆದರೆ ಎಡಗಡೆಯವನು ಹಿಡಿಯಬೇಕು, ಹಿಡಿದು ತಿರುಗಿ ಕೊಡಬೇಕು, ನಡುವೆ ಇಬ್ಬರೂ ಸೇರಿ ನೂಲು ಒತ್ತುವ ಹಲಗೆ ಬಡಿಯಬೇಕು. ಇಬ್ಬರ ಮನಸ್ಸು ಸರಿ ಇದ್ದರೆ ಒಂದೇ ಸದ್ದು, ಇಲ್ಲದಿದ್ದರೆ ಎರಡು. ಬೀದಿಯಲ್ಲಿ ಹೋಗುವವರು ಮಗ್ಗದ ಸದ್ದು ಕೇಳಿಯೇ ಯಾವ ಮನೆಯಲ್ಲಿ ಜಗಳ ಅಂತ ಹೇಳುತ್ತಾರೆ.

ನನ್ನ ಹೆತ್ತವ್ವ ಮೊದಲೇ ತೀರಿಕೊಂಡಿದ್ದಳು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪನೂ ಹೋದ. ಹದಿಮೂರನೇ ದಿನ ಅಪ್ಪಾರು ನನ್ನ ಕೈಯಿಂದ ಪುಸ್ತಕದ ಚೀಲ ತೆಗೆದು ಗೂಟಕ್ಕೆ ಹಾಕಿ, "ಇಲ್ಲಿ ಕೂತುಕೊಳ್ಳಿ ತಂಬಿ" ಅಂತ ಅಪ್ಪನ ಜಾಗ ತೋರಿಸಿದರು. ಹದಿಮೂರು ವರ್ಷದ ಹುಡುಗನಿಗೆ ಕೂತುಕೊಳ್ಳಿ ಅಂದರು. ಅವರ ವಾಸ ಹಿರಿಯ ಮಗನ ಮನೆಯಲ್ಲಿ, ಮೂರು ಬೀದಿ ಆಚೆ, ದೊಡ್ಡಪ್ಪನ ಜೊತೆ. ದಿನಾ ಬೆಳಗ್ಗೆ ಏಳಕ್ಕೆ ನಮ್ಮ ಹೊಸಿಲ ಹೊರಗೆ ಒಂದು ಕೆಮ್ಮು. "ಬನ್ನಿ ಅಪ್ಪಾರೇ" ಅಂತ ನಾನು. "ಬಂದೆ ತಂಬಿ" ಅಂತ ಅವರು. ಒಂಬತ್ತು ವರ್ಷ ಇದು ತಪ್ಪಿದ್ದಿಲ್ಲ. ಆಮೇಲೆ ಒಂದೂವರೆ ವರ್ಷ ಜಮಖಾನ ಕೇಳುವವರಿಲ್ಲದೆ ಮಗ್ಗ ನಿಂತಾಗ ನಾನು ಮದ್ರಾಸಿಗೆ ಹೋದೆ. ತಿರುಗಿ ಬಂದ ಬೆಳಗ್ಗೆ ಮತ್ತೆ ಅದೇ ಕೆಮ್ಮು, ಅದೇ ಬನ್ನಿ.

ಈಗ ಏಳಾಯಿತು, ಎಂಟಾಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನ. ಕೆಂಪು ಪಟ್ಟಿ ಮುಗಿದು ಹಸಿರು ಶುರುವಾಗುವ ಜಾಗದಲ್ಲಿ ನಿಂತಿತ್ತು. ಎದ್ದು ಕಿಟಕಿಯಲ್ಲಿ ಇಣುಕಿದರೆ ಎದುರಿನ ಕರೆಂಟು ಕಂಬದ ಪಕ್ಕ ಅಪ್ಪಾರು! ನಮ್ಮ ಬಾಗಿಲ ಕಡೆಗೇ ನೋಡುತ್ತಾ ನಿಂತಿದ್ದರು. ಅಂಜಲೈ ಬಂದು ಕಾಲಿಗೆ ಬೀಳಲಿ ಅಂತ ಕಾಯುತ್ತಿದ್ದಾರೆ ಅಂದುಕೊಂಡೆ. ಮೈಯೆಲ್ಲ ಉರಿಯಿತು. ಬರುವುದಿದ್ದರೆ ಬರಲಿ, ನನ್ನ ಹೆಂಡತಿ ಕೊಲೆ ಮಾಡಿಲ್ಲ ಅಂತ ಗುಂಡಿಗಿಳಿದು ಬೆನ್ನು ತಿರುಗಿಸಿ ಕೂತೆ. ಎರಡನೇ ದಿನವೂ ಬಂದು ನಿಂತರು. ಮೂರನೇ ದಿನವೂ. ನಾಲ್ಕನೇ ದಿನ ಕಂಬದ ಪಕ್ಕ ಯಾರೂ ಇರಲಿಲ್ಲ.

ನಾನೇ ದೊಡ್ಡಪ್ಪನ ಮನೆಗೆ ಹೋದೆ. ಅವರು ಮನೆಯಲ್ಲಿರಲಿಲ್ಲ, ಪವರ್‌ಲೂಮ್ ಶೆಡ್ಡಿಗೆ ಹೋಗಿದ್ದರು. ದೊಡ್ಡಮ್ಮ ಬನ್ನಿ ಅಂದರು, ಅಣ್ಣ ಬನ್ನಿ ಅಂದ, ಅತ್ತಿಗೆ ಬನ್ನಿ ಅಂದಳು, ನಾಲ್ಕು ವರ್ಷದ ಮಗು ಬನ್ನಿ ಅಂದಿತು. ಏಳು ಬನ್ನಿ ಎಣಿಸಿದೆ. ಒಂದು ಲೋಟ ನೀರು ಬರಲಿಲ್ಲ. ಅಪ್ಪಾರು ಹಿತ್ತಲ ಜಗಲಿಯಲ್ಲಿ ನೂಲಿನ ಸಿಕ್ಕು ಬಿಡಿಸುತ್ತಾ ಕೂತಿದ್ದರು.

"ಬನ್ನಿ ತಂಬಿ. ಊಟ ಆಯಿತಾ?"

"ಆಯಿತು ಅಪ್ಪಾರೇ. ಅವಳು ಬೇಕಂತ ಅನ್ನಲಿಲ್ಲ. ಅವರ ಕಡೆ ಮಾತೇ ಹಾಗೆ."

"ನಾನು ಏನಾದರೂ ಅಂದೆನಾ?"

"ಅನ್ನಲಿಲ್ಲ. ಆದರೆ..."

"ಕಾವೇರಿಯಲ್ಲಿ ನೀರು ಏರಿದೆಯಂತೆ. ಮೆಟ್ಟಿಲ ಹತ್ತಿರ ಹುಷಾರಾಗಿರಿ."

ಮಾತು ಮುಗಿಯಿತು. ನಯವಾಗಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಹಲ್ಲು ಕಚ್ಚಿಕೊಂಡು ಎದ್ದು ಬಂದೆ. ಹಳ್ಳಿಯವರದು ದೊಡ್ಡ ಮನಸ್ಸು ಅಂತ ಯಾರಾದರೂ ಅಂದರೆ ಇವತ್ತಿಗೂ ನನಗೆ ಪಿತ್ತ ಏರುತ್ತದೆ. ಮನಸ್ಸಿನ ಬಾಗಿಲಿಗೆ ನಾವು ಹಾಕಿದಷ್ಟು ಬೀಗ ಪಟ್ಟಣದ ಯಾವ ಅಂಗಡಿಗೂ ಇಲ್ಲ.

ಹಾಗಂತ ಪಟ್ಟಣದವರೇನು ದೇವರಲ್ಲ. ಮದ್ರಾಸಿಗೆ ಹೋದ ಮೊದಲ ವಾರ ಬಸ್ಸಿನಲ್ಲಿ, "ಸ್ವಲ್ಪ ಜಾಗ ಕೊಡ್ತೀರಾ, ಇಳೀಬೇಕು" ಅಂತ ನಾನು ಕೇಳಿ ಮುಗಿಸುವಷ್ಟರಲ್ಲಿ ಎರಡು ಸ್ಟಾಪು ದಾಟಿ ಹೋಗುತ್ತಿದ್ದವು. ಕಂಡಕ್ಟರು, "ಯೋವ್ ಮದುಮಗ, ತಾಂಬೂಲ ಕೊಟ್ಟು ಇಳಿಸ್ಲಾ?" ಅಂತ ಬೈಯುತ್ತಿದ್ದ. ನನ್ನ ಹೆಸರು ಚೆನ್ನಿಮಲೈ ಅಂದರೆ ನಾನು ಕೆಲಸಕ್ಕಿದ್ದ ಗೋದಾಮಿನವರೆಲ್ಲ, "ಚೆನ್ನೈಗೆ ಮಲೈನೇ, ಬೆಟ್ಟಾನೇ ಬಂದೈತೆ, ಹತ್ತಿ ಇಳೀರೋ" ಅಂತ ಹೆಗಲ ಮೇಲೆ ಮೂಟೆ ಎಸೆಯುತ್ತಿದ್ದರು. ಪಕ್ಕದ ಕೋಣೆಯವನು ಎಂಟು ತಿಂಗಳು ನನ್ನ ಹೆಸರು ಕೇಳಲಿಲ್ಲ. ಬಾಗಿಲಲ್ಲಿ ಬನ್ನಿ ಅನ್ನುವವರು ಆ ಊರಲ್ಲೇ ಇಲ್ಲ. 'ಯಾರು? ಏನ್ ಬೇಕು?' ಅಂತಾರೆ.

ಆದರೆ ವಾಷರ್‌ಮನ್‌ಪೇಟೆಯ ಆ ಕೋಣೆಯಲ್ಲಿ ನಾನು ಕಾಮಾಲೆ ಹಿಡಿದು ಬಿದ್ದಾಗ ಬಾಗಿಲು ಬಡಿಯದೆ ಒಳಗೆ ಬಂದವರು ಕೆಳಮನೆಯ ಹೆಂಗಸು, ಅಂಜಲೈಯ ಅಮ್ಮ. "ಯಾಕೋ, ಇಲ್ಲೇ ಸಾಯೋಣ ಅಂತಿದ್ಯಾ? ಬಾಡಿಗೆ ಮನೇಲಿ ಸಾಯಬಾರ್ದು, ಓನರ್ ಬೈತಾನೆ. ಏಳು, ಗಂಜಿ ಕುಡಿ" ಅಂದರು. ಹನ್ನೊಂದು ದಿನ, ಎರಡು ಹೊತ್ತು, ಬೈದು ಬೈದು ಕುಡಿಸಿದರು. ನನ್ನ ಊರು ಯಾವುದು, ಜನ ಯಾರು ಅಂತ ಕೇಳಿದ್ದು ಹನ್ನೆರಡನೇ ದಿನ. ಕೇಳಿದರೆ ಅವರೂ ಮೂರು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ಹೋದ ನಮ್ಮವರೇ. "ಓ, ಹಂಗಾದ್ರೆ ನೆಂಟ! ಇನ್ಮೇಲೆ ಗಂಜಿಗೆ ಉಪ್ಪು ನೀನೇ ಹಾಕ್ಕೋ" ಅಂದರು. ಗಂಜಿ ತರುತ್ತಿದ್ದವಳು ಅಂಜಲೈ. ಉಪ್ಪು ತರುವುದನ್ನು ಬೇಕಂತಲೇ ಮರೆತು ಎರಡು ಸಲ ಮೆಟ್ಟಿಲು ಹತ್ತುತ್ತಿದ್ದಳು.

ಈಗ ಅವಳು ನನ್ನ ಊರಲ್ಲಿ ಮಾತು ಕಲಿಯತೊಡಗಿದಳು. ನಾನು ಹೇಳಿರಲಿಲ್ಲ, ಅವಳೇ ಹಟ ಹಿಡಿದಳು. "ತಾತ ಬರೋ ತಂಕ ಬಿಡಲ್ಲ" ಅಂದಳು. ಬೆಳಗ್ಗೆ ಅಂಗಳದಲ್ಲಿ, "ಹೋಗಿ, ಹೋಗಿ, ಕೋಳಿಯವರೇ, ಅಕ್ಕಿಗೆ ಬಾಯಿ ಹಾಕಬೇಡಿ" ಅನ್ನುತ್ತಿದ್ದಳು. ಹಾಲಿನವನಿಗೆ, "ಹಾಲು ಹಾಕಿ, ನೀರು ಮಾತ್ರ ದಯವಿಟ್ಟು ನಾವೇ ಹಾಕಿಕೊಳ್ಳುತ್ತೇವೆ" ಅಂದು, ನನ್ನ ಕಡೆ ತಿರುಗಿ "ಸರಿಯಾಯ್ತಾ?" ಅಂತ ಕಣ್ಣು ಹೊಡೆದಳು. ಅಂಗಡಿಗೆ ಹೊರಟರೆ ದಾರಿಯಲ್ಲಿ ಹತ್ತು ಜನ 'ಎಲ್ಲಿಗೆ ಹೊರಟಿರಿ' ಅಂತ ಕೇಳುವುದು ಅವಳಿಗೆ ಬೆಂಕಿ. "ಇದೇನ್ ಊರಾ, ಪೊಲೀಸ್ ಸ್ಟೇಷನ್ನಾ?" ಒಂದು ದಿನ ಪಕ್ಕದ ಮನೆಯ ಪಾವಾಯಿ ಅಕ್ಕ ಹಾಗೆ ಕೇಳಿದಾಗ, "ಯಾಕಕ್ಕಾ, ನೀನೂ ಬರ್ತೀಯಾ?" ಅಂತ ಚುಚ್ಚಿದಳು. ಪಾವಾಯಿ ಅಕ್ಕ, "ಇರಿ ಅಮ್ಮಣಿ, ಚೀಲ ತಗೊಂಡೆ" ಅಂತ ನಿಜವಾಗಿಯೂ ಹೊರಟೇಬಿಟ್ಟರು. ಆವತ್ತಿನಿಂದ ಅವರಿಬ್ಬರೂ ಒಟ್ಟಿಗೇ ಸಂತೆಗೆ ಹೋಗುತ್ತಾರೆ.

ಆದರೆ ಮಗ್ಗ? ಅವಳ ಮಾವನೊಬ್ಬ ಮದ್ರಾಸಿನ ಬಂದರಿನಲ್ಲಿ ನನಗೊಂದು ಕೆಲಸ ನೋಡಿದ್ದ. ತಿಂಗಳ ಕೊನೆಗೆ ಬರುವುದಿದ್ದರೆ ಹೇಳು ಅಂತ ಫೋನು ಮಾಡಿದ. ಹೋದರೆ ಆ ಅರ್ಧ ಜಮಖಾನವನ್ನು ಕತ್ತರಿಸಿ ಇಳಿಸಬೇಕು, ಗುಂಡಿಗೆ ಹಲಗೆ ಮುಚ್ಚಬೇಕು. ಮುಚ್ಚಿದರೆ ಅಪ್ಪಾರು ಏಳಕ್ಕೆ ಎದ್ದು ಎಲ್ಲಿಗೆ ಹೋಗುತ್ತಾರೆ? ಆ ಕೆಮ್ಮು ಯಾವ ಬಾಗಿಲಿಗೆ? ಅದನ್ನು ನೆನೆದಾಗಲೆಲ್ಲ ಅವರ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಯೋವ್ ಮಲೈ, ಸುಮ್ನೆ ಉರ್ಕೊಂಡು ಕೂರೋ ಬದ್ಲು ನಂಗೆ ಕಲಿಸು" ಅಂತ ಅಂಜಲೈ ಒಂದು ಬೆಳಗ್ಗೆ ಗುಂಡಿಗೆ ಇಳಿದಳು. ಇಳಿದದ್ದು ಅಪ್ಪಾರ ಜಾಗಕ್ಕೆ. ಮೇಲೇಳು ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

ಮೊದಲ ದಿನ ಲಾಳಿ ನನ್ನ ಕೈಗಿಂತ ನೆಲಕ್ಕೇ ಹೆಚ್ಚು ಬಂತು. "ಥೂ, ನಿಲ್ಲೇ ಮುಂಡೇದೇ!" ಅಂತ ಲಾಳಿಗೆ ಬೈದಳು, ಆಮೇಲೆ ನಾಲಿಗೆ ಕಚ್ಚಿಕೊಂಡು, "ನಿಲ್ಲಿ ಲಾಳಿಯವರೇ" ಅಂದಳು. ಎಷ್ಟೋ ದಿನದ ಮೇಲೆ ನಾನು ನಕ್ಕೆ. ಐದನೇ ದಿನಕ್ಕೆ ಹಲಗೆಯ ಸದ್ದು ಹತ್ತಕ್ಕೆ ಮೂರು ಸಲ ಒಂದಾಗುತ್ತಿತ್ತು. ಹಸಿರು ಪಟ್ಟಿ ಒಂದು ಗೇಣು ಎದ್ದಿತು. ಆದರೆ ಅವಳ ಕಡೆಯ ಅಂಚು ಹಾವು ಹರಿದ ಹಾಗೆ ಒಳಗೆ ಹೊರಗೆ, ಒಳಗೆ ಹೊರಗೆ. ನೂಲು ಎಳೆಯುವಾಗ ಕೈಯ ಹದ ತಪ್ಪುತ್ತಿತ್ತು. ನಾನು ಎಡಗಡೆಯವನು, ಬಲ ಅಂಚಿನ ಗುಟ್ಟು ನನಗೆ ಗೊತ್ತಿಲ್ಲ. ಅದು ಅಪ್ಪಾರ ಬೆರಳಲ್ಲಿದೆ.

"ಹಂಗಾದ್ರೆ ತಾತನ್ನೇ ಕೇಳ್ತೀನಿ" ಅಂದಳು.

"ಬೇಡ. ಅವರಾಗಿ ಬರುವ ತನಕ ಯಾರೂ ಹೋಗಬೇಡಿ."

"ನಿಂಗೇನಯ್ಯಾ? ಅಂಚು ನಂದು" ಅಂದು, ಸಂಜೆ ನಾನು ನೂಲು ತರಲು ಹೋದಾಗ ಹೊರಟೇಹೋದಳು. ಅಪ್ಪಾರು ಸಂಜೆ ಹೊತ್ತು ಭವಾನಿ ಕಾವೇರಿಗೆ ಸೇರುವ ಜಾಗದ ಮೆಟ್ಟಿಲ ಮೇಲೆ ಕೂತಿರುತ್ತಾರೆ ಅನ್ನುವುದು ಊರಿಗೇ ಗೊತ್ತು.

ದೀಪ ಹಚ್ಚುವ ಹೊತ್ತಿಗೆ ಬಂದಳು. ಸೀರೆಯ ಅಂಚು ಒದ್ದೆ. ಬಂದವಳೇ ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು.

"ಯೋವ್, ನೀನು ದೊಡ್ಡ ಮಂಡೂಕ ಕಣಯ್ಯಾ."

"ಏನಾಯಿತು?"

"ಹೋದೆ. ನಿಮ್ಮೂರ್ ಭಾಷೇಲೇ ಶುರು ಮಾಡ್ದೆ. 'ಹೇಗಿದ್ದೀರಿ ತಾತಾ, ಇಲ್ಲಿ ಕೂತುಕೊಳ್ಳಲಾ' ಅಂದೆ. ತಾತ ನನ್ ಮುಖ ನೋಡ್ತು. 'ನಾನೇನಾದರೂ ತಪ್ಪು ಮಾಡಿದೆನಾ ತಾಯಿ? ಆವತ್ತು ಮನೆ ಮಗಳ ಹಾಗೆ ಕರೆದಿರಿ, ಇವತ್ತು ಬ್ಯಾಂಕಿನವರ ಹಾಗೆ ಮಾತಾಡ್ತೀರಿ' ಅಂತು."

ನಾನು ತಂದಿದ್ದ ನೂಲು ಬದಿಗಿಟ್ಟೆ.

"ನಂಗೆ ನಗು ಬಂತು. ಅಳೂನೂ ಬಂತು. ಆಮೇಲೆ ನಮ್ ಭಾಷೇಲೇ ಇಟ್ಟೆ. 'ಮತ್ಯಾಕ್ ತಾತಾ ಎದ್ದೋದೆ? ಎಲೆ ಹಾಕ್ತೀನಿ ಅಂದ್ನಲ್ಲ? ನನ್ ಮದ್ವೆ ಊಟ ಬಿಟ್ಟು ಹೋದೆ, ನಂಗೆ ಎಷ್ಟ್ ಬೇಜಾರಾಯ್ತು ಗೊತ್ತಾ?' ಅಂದೆ. ತಾತ ಮೆಟ್ಲಿಂದ ಕಾಲ್ ನೀರಿಗಿಳಿಸ್ತು. ಆಮೇಲೆ, 'ಮನೆಯವರು ಕರೀಲಿಲ್ಲ ತಾಯಿ' ಅಂತು."

"ಯಾವ ಮನೆಯವರು?"

"ನಾನೂ ಅದನ್ನೇ ಕೇಳ್ದೆ. 'ನಾನ್ ಕರೆದ್ನಲ್ಲ!' ಅಂದೆ. 'ನೀವು ಕರೆದಿರಿ. ಅಷ್ಟು ಜನದಲ್ಲಿ ನೀವೊಬ್ಬರೇ ಕರೆದಿರಿ. ಅದಕ್ಕೇ ಅಷ್ಟು ಹೊತ್ತು ನಿಂತೆ. ಆದರೆ ಮನೆ ಯಜಮಾನರು ನನ್ನನ್ನ ನೋಡಿ ಮುಖ ತಿರುಗಿಸಿಕೊಂಡರು. ಮೂರು ದಿನ ಕಂಬದ ಹತ್ತಿರ ನಿಂತೆ. ಅವರು ಬೆನ್ನು ಹಾಕಿ ಕೂತರು. ಹೆಂಡತಿ ಬಂದ ಮೇಲೆ ಮುದುಕ ಭಾರ ಆಗಿರಬೇಕು ಅಂದುಕೊಂಡೆ' ಅಂತು."

ಮನೆ ಯಜಮಾನ. ಅಂದರೆ ನಾನು. ಆವತ್ತು ನನ್ನ ಬಾಯಲ್ಲಿ ದೊಡ್ಡಪ್ಪನಿಗೆ ಮೂರು ಉತ್ತರ ತುಂಬಿಕೊಂಡಿದ್ದವು, ಆ ಮೂರರ ನಡುವೆ ಒಂದು ಬನ್ನಿಗೆ ಜಾಗ ಇರಲಿಲ್ಲ. ಇಷ್ಟು ದಿನ ಊರನ್ನೆಲ್ಲ ಬೈದಿದ್ದೆ, ಅಪ್ಪಾರನ್ನೂ ಬೈದಿದ್ದೆ. ದೊಡ್ಡಪ್ಪನ ಮನೆಯಲ್ಲಿ ಏಳು ಬನ್ನಿ ಎಣಿಸಿದ್ದೆ. ಹಿತ್ತಲಲ್ಲಿ ಅವರ ಎದುರಿಗೇ ಕೂತು ಹೆಂಡತಿಯ ತಪ್ಪಿಗೆ ಕ್ಷಮೆ ಕೇಳಿ ಎದ್ದು ಬಂದಿದ್ದೆ. ಆಗಲಾದರೂ ಮನೆಗೆ ಬನ್ನಿ ಅಂದೆನಾ? ಇಲ್ಲ.

"ನನಗೆ ಹೇಳಬಹುದಿತ್ತಲ್ಲ ಅವರು" ಅಂದೆ.

"ಕೇಳ್ದೆ. 'ಬನ್ನಿ ಅನ್ನೋದನ್ನ ಕೇಳಿ ಇಸ್ಕೊಳ್ಳೋಕೆ ಆಗಲ್ಲ ತಾಯಿ, ಕೇಳಿದರೆ ಅದು ಬನ್ನಿ ಅಲ್ಲ' ಅಂತು." ಅಂಜಲೈ ನನ್ನ ಮೊಣಕಾಲಿಗೆ ಗುದ್ದಿದಳು. "ಮರ್ಯಾದೆ ಮರ್ಯಾದೆ ಅಂತ ಸಾಯ್ತೀರಲ್ಲಯ್ಯಾ, ಒಬ್ರಿಗೊಬ್ರು ನೆಟ್ಟಗೆ ಬೈಯೋಕೂ ಬರಲ್ವಾ ನಿಮ್ಗೆ? ನಮ್ ಕಡೆ ಆಗಿದ್ರೆ ಆವತ್ತೇ 'ಯಾಕ್ಲಾ ನನ್ನ ಕರೀಲಿಲ್ಲ, ಬೇವರ್ಸಿ' ಅಂತ ಎದೆಪಟ್ಟಿ ಹಿಡ್ಕಂಡು ಕೇಳಿರೋರು. ಎರಡೇಟು ಬಿದ್ದಿರೋದು. ಊಟ ಮುಗಿಸಿ ಎಲೆಅಡಿಕೆ ಹಾಕ್ಕಂಡು ಹೋಗಿರೋರು. ಮೂರ್ ವಾರ, ಯೋವ್! ಮೂರ್ ವಾರ ಒಬ್ರು ಕಂಬ ಹಿಡ್ಕಂಡು, ಒಬ್ರು ಗುಂಡಿ ಹಿಡ್ಕಂಡು!"

ಆಮೇಲೆ ಅವಳೇ ಕೈ ಚಾಚಿ ಬೆರಳು ತೋರಿಸಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನೂಲಿನ ಸಣ್ಣ ಗೀರು. "ಅಂಚಿನ್ ಗುಟ್ಟು ಹೇಳ್ಕೊಡ್ತು. ನನ್ ಕೈಗೆ ನೂಲು ಸುತ್ತಿ, ತನ್ ಕೈ ಮೇಲಿಟ್ಟು ಎಳೆದು ತೋರಿಸ್ತು. ಎಳೀಬಾರ್ದಂತೆ. ಎಳೆದಂಗೆ ಮಾಡಿ ಬಿಡ್ಬೇಕಂತೆ."

ಆ ರಾತ್ರಿ ನಾನು ಉಣ್ಣಲಿಲ್ಲ. ಬೆಳಗ್ಗೆ ಆರೂವರೆಗೆ ಮುಖ ತೊಳೆದು, ಮದುವೆಯ ಪಂಚೆ ಉಟ್ಟೆ. ಅಂಜಲೈ ಬಾಗಿಲಲ್ಲಿ ನಿಂತು, "ಜಗಳ ಆಡ್ಬೇಡ. ನಿನ್ ಬಾಯಿ ನಂಗೊತ್ತು. ಒಂದೇ ಮಾತು, ಹೇಳ್ಬಿಟ್ಟು ಬಾ" ಅಂದಳು. "ಎರಡ್ನೇ ಮಾತು ಬಂತೂ, ಆಮೇಲೆ ನಾನ್ ಮಾತಾಡಲ್ಲ."

ದೊಡ್ಡಪ್ಪನ ಮನೆ ಜಗಲಿ ತುಂಬಿತ್ತು. ಬೆಳಗಿನ ಪಾಳಿಗೆ ಹೋಗುವ ಪವರ್‌ಲೂಮ್ ಕೆಲಸದವರು ಆರೇಳು ಜನ ಚಹಾ ಕುಡಿಯುತ್ತಿದ್ದರು. ಔತಣಕ್ಕೆ ಬಂದವರೇ. ದೊಡ್ಡಪ್ಪ ಕುರ್ಚಿಯಲ್ಲಿದ್ದರು. ಅಪ್ಪಾರು ಗೋಡೆ ಬದಿಯ ಬೆಂಚಿನ ತುದಿಯಲ್ಲಿ ಕೂತು, ಏಳು ಗಂಟೆಗೆ ಹೋಗಲು ಎಲ್ಲೂ ಇಲ್ಲದವರ ಹಾಗೆ ಖಾಲಿ ಲೋಟ ಹಿಡಿದಿದ್ದರು.

"ಬನ್ನಿ ತಂಬಿ" ಅಂದರು ದೊಡ್ಡಪ್ಪ. "ಬನ್ನಿ, ಬನ್ನಿ" ಅಂದರು ಉಳಿದವರು.

ನಾನು ಜಗಲಿ ಹತ್ತಲಿಲ್ಲ. ಕೆಳಗೆ ಬೀದಿಯಲ್ಲೇ ನಿಂತು ಚಪ್ಪಲಿ ಕಳಚಿದೆ. ಒಮ್ಮೆ ಕೆಮ್ಮಿದೆ.

"ಅಪ್ಪಾರೇ, ಬನ್ನಿ."

ಅವರು ತಲೆ ಎತ್ತಿದರು. "ಎಲ್ಲಿಗೆ ತಂಬಿ?"

"ಮನೆಗೆ. ಆವತ್ತು ನಾನು ಅನ್ನಲಿಲ್ಲ. ಬನ್ನಿ."

ಲೋಟ ಬೆಂಚಿನ ಮೇಲಿಟ್ಟರು. ಪಕ್ಕದಲ್ಲಿದ್ದ ಟವೆಲನ್ನು ಮಡಿಸಿದರು, ಮತ್ತೆ ಬಿಚ್ಚಿ ಮತ್ತೆ ಮಡಿಸಿದರು, ಹೆಗಲಿಗೆ ಹಾಕಿಕೊಂಡರು.

"ಬಂದೆ ತಂಬಿ" ಅಂದರು.

ಎದ್ದು ಮೆಟ್ಟಿಲಿಳಿದು ಚಪ್ಪಲಿ ಹುಡುಕತೊಡಗಿದರು. ಅಷ್ಟು ಜನರ ಚಪ್ಪಲಿಗಳ ನಡುವೆ ಹಳೆಯ ಟಯರಿನ ಚಪ್ಪಲಿ ಸಿಗುವುದು ತಡವಾಯಿತು. ದೊಡ್ಡಪ್ಪನಿಗೆ ಅಷ್ಟು ಹೊತ್ತು ಸಾಕಾಯಿತು. ಕುರ್ಚಿಗೆ ಒರಗಿಕೊಂಡು, ಅದೇ ನಗುವಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಅಂದರು:

"ಸಂತೋಷ ತಂಬಿ. ಗಂಡನಿಗೆ ಪಾಠ ಹೇಳಿ, ಪಂಚೆ ಉಡಿಸಿ ಕಳಿಸೋ ಅಮ್ಮಣಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಎಂಟನೇ ಕ್ಲಾಸಿಗೇ ನಿಂತಿದ್ದಿರಿ. ಈಗ ಮದ್ರಾಸಿನ ಟೀಚರಮ್ಮ ಬಂದಿದ್ದಾರೆ, ಒಂಬತ್ತು ಪಾಸು ಮಾಡಿಸ್ತಾರೆ ಬಿಡಿ."

ಜಗಲಿ ಗೊಳ್ಳೆಂದಿತು. ಒಬ್ಬನಿಗೆ ಚಹಾ ನೆತ್ತಿಗೇರಿ ಕೆಮ್ಮು ಹತ್ತಿತು.

ಉತ್ತರಗಳು ಬಂದವು. ಮೂರಲ್ಲ, ಈ ಸಲ ಐದು. ಒಂದಂತೂ ಎಷ್ಟು ಚೆನ್ನಾಗಿತ್ತು ಅಂದರೆ, ಅದನ್ನು ಅಂದಿದ್ದರೆ ಅವರು ಆ ಕುರ್ಚಿಯಲ್ಲಿ ಇನ್ನೊಂದು ವರ್ಷ ನೆಟ್ಟಗೆ ಕೂರುತ್ತಿರಲಿಲ್ಲ. ಬಾಯಿ ತೆರೆದಿದ್ದೆ ಕೂಡ.

ಆಗ ಅಪ್ಪಾರಿಗೆ ಚಪ್ಪಲಿ ಸಿಕ್ಕಿತು. ಎಡಗಾಲು ತೂರಿಸಿದರು. ಬಲಗಾಲು ಎತ್ತುವಾಗ ಮೈ ವಾಲಿತು. ಒಂದು ಕೈ ಗಾಳಿಯಲ್ಲಿ ಆಸರೆ ಹುಡುಕಿತು, ಲಾಳಿ ಹಿಡಿಯಲು ಚಾಚುವ ಅದೇ ಕೈ. ನಾನು ಎಡಗಡೆಗೆ ಸರಿದು ಹೆಗಲು ಕೊಟ್ಟೆ. ಬೆರಳುಗಳು ಬಂದು ಕೂತವು. ಹಗುರ, ಎಳೆದ ಹಾಗೆ ಮಾಡಿ ಬಿಟ್ಟ ಹಾಗೆ.

"ಏನ್ ತಂಬಿ, ಮಾತೇ ಇಲ್ಲ?" ಅಂದರು ದೊಡ್ಡಪ್ಪ ಹಿಂದಿನಿಂದ.

ಅಪ್ಪಾರು ಒಂದು ಹೆಜ್ಜೆ ಇಟ್ಟರು. ನಾನೂ ಒಂದು ಹೆಜ್ಜೆ ಇಟ್ಟೆ. ಅವರ ನಡಿಗೆ ನಿಧಾನ. ಬೀದಿ ಉದ್ದಕ್ಕೂ ನಗು ನಮ್ಮ ಬೆನ್ನ ಹಿಂದೆಯೇ ಬಂತು. ಎಣ್ಣೆ ಗಾಣದ ತಿರುವಿನ ತನಕ ನಾನು ತಿರುಗಿ ನೋಡಲಿಲ್ಲ, ಬಾಯಿ ಬಿಡಲಿಲ್ಲ, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದೆ.